ಬೆಳಗಾವಿ ಕೋಟೆಯಲ್ಲೊಂದು ಉಪದೇಶ

ಉಪದೇಶ ಕೊಡುವವರಿಗೆ ನಮ್ಮ ಮನೆಗಳಲ್ಲಿ ಎಂದೂ ಕೊರತೆಯಿಲ್ಲ. ಹೆಣ್ಣುಮಕ್ಕಳಿಗಂತೂ ಅದು ತೊಟ್ಟಿಲಿನಿಂದಲೇ ಆರಂಭ. ತಾಯಿ ಹೇಳುತ್ತಾಳೆ, ಅಜ್ಜಿ ಹೇಳುತ್ತಾಳೆ, ಮದುವೆಯ ದಿನ ನೆರೆದ ಚಿಕ್ಕಮ್ಮ, ದೊಡ್ಡಮ್ಮಂದಿರೆಲ್ಲ ಒಂದೊಂದು ಮಾತು ಕಿವಿಗೆ ಹಾಕಿ ಹೋಗುತ್ತಾರೆ. ಈಗ ಬೆಳಗಾದರೆ ಮೊಬೈಲಿಗೂ ಹತ್ತಾರು ಹಿತವಚನಗಳು ಬಂದು ಬೀಳುತ್ತವೆ. ಇಷ್ಟು ವರ್ಷಗಳಲ್ಲಿ ನೀವು ಕೇಳಿದ ಉಪದೇಶಗಳ ಪೈಕಿ ಬದುಕನ್ನು ನೋಡುವ ನಿಮ್ಮ ಕಣ್ಣನ್ನೇ ಬದಲಿಸಿದ ಮಾತುಗಳು ಎಷ್ಟು? ಬೆರಳು ಮಡಚಿ ಎಣಿಸಿ ನೋಡಿ. ಒಂದೋ ಎರಡೋ ಇದ್ದೀತು.

ಉಳಿದ ಮಾತುಗಳೆಲ್ಲ ಎಲ್ಲಿ ಹೋದವು? ಒಂದು ಮಾತು ಮನಸ್ಸಿಗೆ ನಾಟುತ್ತದೆ, ಇನ್ನೊಂದು ಗಾಳಿಗೆ ಹಾರಿಹೋಗುತ್ತದೆ. ಮತ್ತೊಂದು ಮುಳ್ಳಿನಂತೆ ಚುಚ್ಚಿ ಗಾಯ ಮಾಡುತ್ತದೆ. ಯಾಕೆ ಹೀಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಇಂದು ನಿಮ್ಮನ್ನು ಬೆಳಗಾವಿಗೆ, ಅಲ್ಲಿಂದ ಖಾನಾಪುರದ ಕಡೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಮುಂದೆ ನೀವು ಮನೆಮಂದಿಯೊಂದಿಗೆ ಆ ಕಡೆ ಹೋದಾಗ ಕುಂದಾ ಕಟ್ಟಿಸಿಕೊಂಡು ಬರುವುದರ ಜೊತೆಗೆ ಇದನ್ನೂ ನೋಡಿ ಬನ್ನಿ.

ಕೋಟೆಯ ಒಳಗೆ

2014ರ ತನಕ ಬೆಳಗಾಂ ಎಂದು ಕರೆಯಲಾಗುತ್ತಿದ್ದ ಈ ನಗರದ ಕೇಂದ್ರ ಬಸ್ ನಿಲ್ದಾಣದಿಂದ ಕೋಟೆ ಹೆಚ್ಚು ದೂರವಿಲ್ಲ. ಸುತ್ತಲೂ ಕಂದಕ, ದಪ್ಪ ಗೋಡೆ, ಒಳಗೆ ಹಳೆಯ ಮರಗಳ ನೆರಳು. ಪೇಟೆಯ ಗದ್ದಲ ಬಾಗಿಲಲ್ಲೇ ನಿಂತುಬಿಡುತ್ತದೆ. ರಟ್ಟ ಅರಸರ ಕಾಲದ ಕಮಲ ಬಸದಿ ಇಲ್ಲಿದೆ. ಚಾವಣಿಯಲ್ಲಿ ಕಲ್ಲಿನ ಕಮಲ ಕೆತ್ತಿರುವ ಈ ಜೈನ ಬಸದಿ 1204ರ ಸುಮಾರಿನದು. ಆದಿಲ್‌ಶಾಹಿ ಸರದಾರ ಅಸದ್ ಖಾನ್ ಲಾರಿಯ ಹೆಸರಿನೊಂದಿಗೆ ಸೇರಿಕೊಂಡಿರುವ, 16ನೆಯ ಶತಮಾನದ ಸಫಾ ಮಸೀದಿ ಇರುವುದೂ ಇದೇ ಕೋಟೆಯಲ್ಲಿ. ಕೋಟೆಯೊಳಗೆ ಸೇನೆಗೆ ಸೇರಿದ ಜಾಗವೂ ಇರುವುದರಿಂದ ಯಾವ ಕಡೆ ಹೋಗಬಹುದೆಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಸದಿ, ಮಸೀದಿಗಳನ್ನು ನೋಡಲು ಬರುವವರು ಅಲ್ಲೇ ಇರುವ ಒಂದು ಹಳೆಯ ಮನೆಯನ್ನೂ ನೋಡಬೇಕು. ಅದು ಈಗ ರಾಮಕೃಷ್ಣ ಮಿಷನ್ ಆಶ್ರಮದ ಆವರಣದಲ್ಲಿ ಸ್ಮಾರಕವಾಗಿ ಉಳಿದಿದೆ. 1892ರಲ್ಲಿ ಅದರಲ್ಲಿ ಹರಿಪದ ಮಿತ್ರ ಎಂಬ ಬಂಗಾಳಿ ಅಧಿಕಾರಿ ತಮ್ಮ ಪತ್ನಿ ಇಂದುಮತಿಯವರೊಂದಿಗೆ ವಾಸವಾಗಿದ್ದರು. ಅರಣ್ಯ ಇಲಾಖೆಯಲ್ಲಿ ಉಪವಿಭಾಗದ ಅಧಿಕಾರಿ. ಒಳ್ಳೆಯ ಸಂಬಳ, ವಾಸಕ್ಕೆ ಬಂಗಲೆ, ಊರಿನಲ್ಲಿ ಮರ್ಯಾದೆ. ಆದರೆ ಒಂದು ದಿನವೂ ಮನಸ್ಸಿಗೆ ನೆಮ್ಮದಿ ಇರಲಿಲ್ಲ.

ಅವರ ಕಷ್ಟ ಎರಡು. ಮೇಲಧಿಕಾರಿಗಳೊಂದಿಗೆ ಹೊಂದಾಣಿಕೆಯೇ ಆಗುತ್ತಿರಲಿಲ್ಲ. ಅವರು ಒಂದು ಸಣ್ಣ ಮಾತು ಅಂದರೂ ಇವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಇನ್ನೊಂದು, ತನಗೆ ಏನೋ ಕಾಯಿಲೆ ಇದೆ ಎಂಬ ಗುಮಾನಿ. ಒಂದಲ್ಲ ಒಂದು ಔಷಧ ಕುಡಿಯುತ್ತಲೇ ಇರುತ್ತಿದ್ದರು. ಇದನ್ನೆಲ್ಲ ಬೇರೆ ಯಾರೋ ಬರೆದದ್ದಲ್ಲ. ಹರಿಪದ ಮಿತ್ರರೇ ಮುಂದೆ ತಮ್ಮ ನೆನಪುಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಆ ವರ್ಷ ಅಕ್ಟೋಬರ್ 18ರ ಮಂಗಳವಾರ ಸಂಜೆ ಅವರ ಮನೆಗೆ ಪರಿಚಯದ ವಕೀಲರಾದ ಭಾಟೆಯವರು ಒಬ್ಬ ತರುಣ ಸನ್ಯಾಸಿಯನ್ನು ಕರೆದುಕೊಂಡು ಬಂದರು. 29 ವರ್ಷ ವಯಸ್ಸಿನ ಆ ಸನ್ಯಾಸಿಯೇ ಸ್ವಾಮಿ ವಿವೇಕಾನಂದರು. ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಇನ್ನೂ ಸುಮಾರು ಒಂದು ವರ್ಷವಿತ್ತು. ಅವರ ಹೆಸರು ಹೊರಜಗತ್ತಿಗೆ ಗೊತ್ತೇ ಇರಲಿಲ್ಲ. ಇಂಗ್ಲಿಷ್ ಓದಿದ ಹರಿಪದರಿಗೆ ಸನ್ಯಾಸಿಗಳೆಂದರೆ ನಂಬಿಕೆ ಅಷ್ಟಕ್ಕಷ್ಟೇ. ಏನೋ ಬೇಡಲು ಬಂದಿರಬೇಕು ಎಂದುಕೊಂಡರು.

ಆ ಒಂಬತ್ತು ದಿನಗಳು

ಮಾತನಾಡುತ್ತಾ ಹೋದಂತೆ ಹರಿಪದರ ಅಭಿಪ್ರಾಯ ಬದಲಾಯಿತು. ತನ್ನ ಮನೆಯಲ್ಲೇ ಇರಬೇಕೆಂದು ಅತಿಥಿಯನ್ನು ಕೇಳಿಕೊಂಡರು. ವಿವೇಕಾನಂದರು ಒಪ್ಪಲಿಲ್ಲ. ಆಗ ಅವರು ಇಳಿದುಕೊಂಡಿದ್ದದ್ದು ರಿಸಾಲ್ದಾರ್ ಗಲ್ಲಿಯ ಭಾಟೆಯವರ ಮನೆಯಲ್ಲಿ. ಬಂಗಾಳಿಯೊಬ್ಬ ಸಿಕ್ಕಿದನೆಂದು ತಕ್ಷಣ ಹೊರಟುಬಿಟ್ಟರೆ ಇಷ್ಟು ದಿನ ಪ್ರೀತಿಯಿಂದ ನೋಡಿಕೊಂಡ ಆ ಮರಾಠಿ ಮನೆಯವರಿಗೆ ನೋವಾಗುತ್ತದೆ ಎಂಬುದು ಅವರ ಅಳುಕು. ಮರುದಿನ ಬೆಳಗಿನ ಉಪಾಹಾರಕ್ಕೆ ಬರುತ್ತೇನೆಂದು ಹೇಳಿ ಹೋದರು. ಮರುದಿನ ಹರಿಪದರು ಕಾದರು, ಕಾದರು. ಬರಲಿಲ್ಲ. ಭಾಟೆಯವರಲ್ಲಿಗೆ ಹೋಗಿ ನೋಡಿದರೆ ಅಲ್ಲಿ ವಕೀಲರು, ಪಂಡಿತರು ತುಂಬಿದ್ದಾರೆ, ಪ್ರಶ್ನೆಗಳ ಮಳೆ ನಡೆದಿದೆ. ಇಷ್ಟು ಜನರನ್ನು ನೋಯಿಸಿ ಎದ್ದು ಬರಲಾಗಲಿಲ್ಲ ಎಂದು ಅತಿಥಿ ಕ್ಷಮೆ ಕೇಳಿದರು. ಕೊನೆಗೆ ಭಾಟೆಯವರ ಒಪ್ಪಿಗೆ ಪಡೆದೇ ಕೋಟೆಯೊಳಗಿನ ಮನೆಗೆ ಬಂದರು. ಅಕ್ಟೋಬರ್ 27ರವರೆಗೆ ಅಲ್ಲಿದ್ದರು.

ಭಾಟೆಯವರ ಮನೆಯ ಇನ್ನೊಂದು ಸಂಗತಿ ನಮ್ಮ ಓದುಗರಿಗೆ ತಿಳಿದಿರಲಿ. ಊಟದ ವಿಷಯದಲ್ಲಿ ಈ ಸನ್ಯಾಸಿಗೆ ಹೆಚ್ಚಿನ ಕಟ್ಟುಪಾಡುಗಳಿಲ್ಲ ಎಂದು ಕಂಡಾಗ ಆ ಮನೆಯವರಿಗೆ ಆಶ್ಚರ್ಯವಾಯಿತು. ಹಿಂದೂಗಳಲ್ಲದವರು ಕೊಟ್ಟರೂ ಉಣ್ಣುವಿರಾ ಎಂದು ಕೇಳಿದರಂತೆ. ಸಂಚಾರದಲ್ಲಿ ಎಷ್ಟೋ ಸಲ ಮುಸ್ಲಿಮರ ಮನೆಯ ಅನ್ನ ಉಂಡಿದ್ದೇನೆ ಎಂದು ವಿವೇಕಾನಂದರು ಹೇಳಿದ್ದನ್ನು ಆ ಮನೆಯ ಮಗ ಮುಂದೆ ಬರೆದಿಟ್ಟಿದ್ದಾರೆ. 1892ರ ಬೆಳಗಾವಿಯಲ್ಲಿ ಒಬ್ಬ ಸನ್ಯಾಸಿಯ ಬಾಯಿಂದ ಇಂಥ ಮಾತು ಬಂದದ್ದು ಸಣ್ಣ ವಿಷಯವಲ್ಲ.

ಈ ವಿವರಗಳನ್ನು ಹೇಳಲು ಕಾರಣವಿದೆ. ಉಪದೇಶಕ್ಕಿಂತ ಮೊದಲು ಏನೇನು ನಡೆದಿತ್ತು ಗಮನಿಸಿ. ಒಂದೇ ಸೂರಿನಡಿ ವಾಸ, ಒಟ್ಟಿಗೆ ಊಟ, ಗಂಟೆಗಟ್ಟಲೆ ಮಾತು, ನಗು. ಬಂದ ಸಂಜೆಯೇ ಅವರು ಹರಿಪದರನ್ನು ತಿದ್ದಲು ಹೊರಡಲಿಲ್ಲ. ಹರಿಪದರೇ ತಮ್ಮ ನೋವನ್ನು ಬಿಚ್ಚಿಟ್ಟ ಮೇಲೆ ಉತ್ತರ ಬಂತು.

ಔಷಧದ ವಿಷಯದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಹಾಸಿಗೆ ಹಿಡಿಸುವಂಥ ಕಾಯಿಲೆ ಬಂದಾಗ ಔಷಧ ತೆಗೆದುಕೊಳ್ಳಿ, ನಿಮ್ಮ ಈ ಬಳಲಿಕೆಗಳಲ್ಲಿ ಬಹುಪಾಲು ಕಲ್ಪನೆಯಿಂದ ಹುಟ್ಟಿದವು, ಇರುವಷ್ಟು ದಿನ ಸಂತೋಷದಿಂದ ಬಾಳಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇದು 1892ರಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿಗೆ, ಅವನೊಡನೆ ದಿನಗಟ್ಟಲೆ ಇದ್ದು ಹೇಳಿದ ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಇದನ್ನು ಓದಿ ಮಾತ್ರೆ ಬಿಡಬಾರದು. ಮನಸ್ಸಿನ ಖಿನ್ನತೆಯೂ ಚಿಕಿತ್ಸೆ ಬೇಕಾದ ನಿಜವಾದ ಕಾಯಿಲೆ ಎಂಬುದು ಇಂದು ನಮಗೆ ಗೊತ್ತಿದೆ. ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷವಾಗಬಹುದು ಎಂಬುದು ಔಷಧಕ್ಕೆ ಮಾತ್ರವಲ್ಲ, ಉಪದೇಶಕ್ಕೂ ಸಲ್ಲುತ್ತದೆ.

ಎರಡು ಭಾಗದ ಮಾತು

ಮೇಲಧಿಕಾರಿಗಳ ಕಾಟದ ಬಗ್ಗೆ ಹೇಳಿದ್ದು ಇನ್ನೂ ಮುಖ್ಯ. ಆ ಮಾತಿಗೆ ಎರಡು ಭಾಗಗಳಿವೆ.

ಮೊದಲನೆಯದು: ನೀವು ಸಂಬಳಕ್ಕಾಗಿ ಕೆಲಸ ಮಾಡುತ್ತಿದ್ದೀರಿ, ಸಂಬಳ ಬರುತ್ತಿದೆ. ನಿಮ್ಮನ್ನು ಯಾರೂ ಕಟ್ಟಿಹಾಕಿಲ್ಲ. ಬೇಡವೆನಿಸಿದರೆ ನಾಳೆಯೇ ರಾಜೀನಾಮೆ ಕೊಡಬಹುದು. ಬಾಗಿಲು ತೆರೆದೇ ಇದೆ.

ಎರಡನೆಯದು: ಇರುವುದಾದರೆ ಸದಾ ಪರರ ತಪ್ಪು ಹುಡುಕುವುದನ್ನು ಬಿಡಿ. ನಿಮ್ಮ ಕೆಲಸವನ್ನು ಚೆನ್ನಾಗಿ ಮಾಡಿ. ನಮ್ಮ ಒಳಗೆ ಏನಿದೆಯೋ ಅದೇ ನಮಗೆ ಹೊರಗೂ ಕಾಣುತ್ತದೆ. ನೀವು ಬದಲಾದರೆ ಅವರ ನಡೆಯೂ ನಿಧಾನವಾಗಿ ಬದಲಾಗುವುದನ್ನು ಕಂಡು ನಿಮಗೇ ಅಚ್ಚರಿಯಾದೀತು.

ಅಂದಿನಿಂದ ಔಷಧ ಕುಡಿಯುವ ಚಾಳಿಯೂ ತಪ್ಪು ಹುಡುಕುವ ಚಾಳಿಯೂ ತನ್ನನ್ನು ಬಿಟ್ಟುಹೋದವು, ಬದುಕಿನ ಹೊಸ ಅಧ್ಯಾಯವೊಂದು ತೆರೆಯಿತು ಎಂಬ ಅರ್ಥದಲ್ಲಿ ಹರಿಪದ ಮಿತ್ರರು ಬರೆದುಕೊಂಡಿದ್ದಾರೆ. ಅವರ ಕಚೇರಿ ಅದೇ, ಸಾಹೇಬರೂ ಅವರೇ. ಆದರೆ ಅದೇ ಜಾಗದಲ್ಲಿ ಬೇರೆ ಮನುಷ್ಯ ಕುಳಿತಿದ್ದ.

ಪ್ರವಾದಿವರ್ಯರ(ಸ) ಬಳಿಗೆ ಒಬ್ಬ ವ್ಯಕ್ತಿ ಬಂದು ನಸೀಹತ್ ಕೇಳಿದಾಗ ಕೋಪ ಮಾಡಬೇಡ ಎಂದಷ್ಟೇ ಹೇಳಿದ ಪ್ರಸಂಗ ನೀವು ಕೇಳಿರುತ್ತೀರಿ. ಆತ ಮತ್ತೆ ಮತ್ತೆ ಕೇಳಿದಾಗಲೂ ಅದೇ ಉತ್ತರ ಸಿಕ್ಕಿತು. ಎದುರಿಗಿರುವ ವ್ಯಕ್ತಿಗೆ ಬೇಕಾದುದನ್ನು ಅಳೆದು, ಅವನ ಕೈಯಲ್ಲಿ ಸಾಧ್ಯವಿರುವುದನ್ನಷ್ಟೇ ಹೇಳುವುದು. ಮನಸ್ಸಿಗೆ ನಾಟುವ ಉಪದೇಶದ ಗುಟ್ಟು ಇದೇ ಇರಬೇಕು.

ಈಗ ನಮ್ಮ ಮನೆಗಳತ್ತ ನೋಡೋಣ. ಹರಿಪದರಿಗೆ ಸಿಕ್ಕಿದ ಈ ಎರಡು ಭಾಗಗಳಲ್ಲಿ ನಾವು ನಮ್ಮ ಹೆಣ್ಣುಮಕ್ಕಳಿಗೆ ದಾಟಿಸುವುದು ಯಾವುದನ್ನು? ಎರಡನೆಯದನ್ನು ಮಾತ್ರ. ಹೊಂದಿಕೊಂಡು ಹೋಗು, ನೀನು ಸರಿಯಾದರೆ ಅವರೂ ಸರಿಯಾಗುತ್ತಾರೆ, ಎದುರು ಮಾತಾಡಬೇಡ, ಸಬ್ರ್ ಮಾಡು. ಯಾರೂ ನಿನ್ನನ್ನು ಕಟ್ಟಿಹಾಕಿಲ್ಲ, ಅನ್ಯಾಯವಾದರೆ ಬಾಗಿಲು ತೆರೆದಿದೆ, ತವರಿನ ಬಾಗಿಲೂ ತೆರೆದಿದೆ ಎಂಬ ಮೊದಲ ಭಾಗ ನಮ್ಮ ಗಂಟಲಿನಿಂದ ಹೊರಬರುವುದೇ ಇಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರುವವಳಿಗೆ ನಿನ್ನ ನೋಟ ಬದಲಿಸಿಕೋ ಎಂದರೆ ಏನು ಪ್ರಯೋಜನ? ಅವಳಿಗೆ ಬೇಕಾದದ್ದು ಮೊದಲು ಬೀಗದ ಕೈ.

ಖಾನಾಪುರದ ದಾರಿ

ಅಕ್ಟೋಬರ್ 27ರಂದು ಹರಿಪದ ಮಿತ್ರರು ಮರ್ಮಗೋವಾಕ್ಕೆ ಟಿಕೇಟು ತೆಗೆದುಕೊಟ್ಟು ತಮ್ಮ ಅತಿಥಿಯನ್ನು ರೈಲು ಹತ್ತಿಸಿದರು. ನೀವೂ ಅದೇ ದಾರಿಯಲ್ಲಿ ಪ್ರಯಾಣ ಮಾಡಬಹುದು. ಬೆಳಗಾವಿ ಬಿಟ್ಟ ಮೇಲೆ ದೇಸೂರು, ಇದಲಹೊಂಡ, ಆಮೇಲೆ ಖಾನಾಪುರ. ಅಲ್ಲಿಂದ ಮುಂದೆ ಗುಂಜಿ, ಲೋಂಡಾ. ಲೋಂಡಾದಿಂದ ಒಂದು ಹಳಿ ಗೋವಾದತ್ತ ಘಟ್ಟ ಇಳಿಯುತ್ತದೆ. ಬಸ್ಸಿನಲ್ಲಾದರೆ ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ.

ಖಾನಾಪುರ ಸಮೀಪಿಸುತ್ತಿದ್ದಂತೆ ಮಣ್ಣಿನ ಬಣ್ಣ ಕೆಂಪಾಗುತ್ತದೆ, ಗಾಳಿ ತಂಪಾಗುತ್ತದೆ. ಬೆಳಗಾವಿ ಜಿಲ್ಲೆಯ ದಟ್ಟ ಕಾಡು ಇರುವುದು ಈ ತಾಲೂಕಿನ ಪಶ್ಚಿಮ ಭಾಗದಲ್ಲಿ. ಭೀಮಗಡ ವನ್ಯಜೀವಿ ಧಾಮ ಇರುವುದೂ ಅಲ್ಲೇ. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರದ ಪಕ್ಕದಲ್ಲೇ ಹರಿದು, ದೂರದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಪೇಟೆಯಲ್ಲಿ ನಿಂತರೆ ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಕಿವಿಗೆ ಬೀಳುತ್ತವೆ.

ಈ ಊರು ಮಣ್ಣಿನ ಕೆಲಸಕ್ಕೆ ಹೆಸರಾದದ್ದು. ಹೆಂಚು, ಇಟ್ಟಿಗೆ, ಮಡಕೆ ಇಲ್ಲಿಯ ಹಳೆಯ ಕಸುಬುಗಳು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿದೆ. ಮಣ್ಣು ಸೋಸಿ, ತುಳಿದು ಹದಮಾಡಿ, ತಿಗರಿಯ ಮೇಲೆ ಆಕಾರ ಕೊಟ್ಟ ಮಡಕೆಯನ್ನು ಕುಂಬಾರರು ಕೂಡಲೇ ಸುಡುವುದಿಲ್ಲ. ನೆರಳಿನಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ಒಳಗೆ ಪಸೆ ಉಳಿದಿರುವಾಗಲೇ ಆವಿಗೆಗೆ ಇಟ್ಟರೆ ಆ ನೀರು ಉಗಿಯಾಗಿ ಮಡಕೆ ಸಿಡಿಯುತ್ತದೆ. ಬೆಂಕಿ ಒಳ್ಳೆಯದೇ, ಅದಿಲ್ಲದೆ ಮಡಕೆಗೆ ಗಟ್ಟಿತನ ಬಾರದು. ಆದರೆ ಹೊತ್ತು ನೋಡಿ ಕೊಡಬೇಕು.

ಅಳುತ್ತಾ ಬಂದ ಮಗಳಿಗೆ ಆ ಕ್ಷಣದಲ್ಲೇ ಬುದ್ಧಿವಾದ ಹೇಳಲು ಹೊರಡುವ ನಮಗೆಲ್ಲ ಇದು ಪಾಠ. ಮೊದಲು ಅವಳು ಅಳಲಿ. ಒಂದು ಲೋಟ ನೀರು ಕೊಡಿ. ಊಟ ಮಾಡಿಸಿ, ಮಲಗಿಸಿ. ಅವಳಾಗಿ ಬಾಯಿ ಬಿಡುವ ತನಕ ಕಾಯಿರಿ.

ನಂದಗಡದ ಆಲದ ಮರ

ಖಾನಾಪುರದವರೆಗೆ ಬಂದವರು ಇದೇ ತಾಲೂಕಿನ ನಂದಗಡಕ್ಕೆ ಹೋಗದೆ ಹಿಂದಿರುಗಬಾರದು. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರು ಅದು. ಅವನ ಸಮಾಧಿಯ ಮೇಲೆ ಹಬ್ಬಿರುವ ಆಲದ ಮರದಡಿ ಜನ ಇಂದಿಗೂ ತಲೆಬಾಗುತ್ತಾರೆ.

ಕತೆ ನಿಮಗೆ ಗೊತ್ತಿದೆ. ಕಿತ್ತೂರಿನ ಅರಸನಿಗೆ ಸ್ವಂತ ಮಗನಿರಲಿಲ್ಲ. ದತ್ತು ಮಗನನ್ನು ವಾರಸುದಾರನೆಂದು ಒಪ್ಪಲು ಕಂಪನಿ ಸರಕಾರ ನಿರಾಕರಿಸಿತು. ರಾಣಿ ಚೆನ್ನಮ್ಮ ತಲೆಬಾಗಲಿಲ್ಲ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕಿತ್ತೂರು ಬಿತ್ತು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದ ರಾಣಿ 1829ರ ಫೆಬ್ರವರಿ 2ರಂದು ಅಲ್ಲೇ ಕಣ್ಣು ಮುಚ್ಚಿದಳು. ಆ ಬಳಿಕ ರಾಯಣ್ಣ ತನ್ನ ಸಂಗಡಿಗರೊಂದಿಗೆ ಇದೇ ಸೀಮೆಯ ಕಾಡುಮೇಡುಗಳಲ್ಲಿ ಅಡಗಿಕೊಂಡು ಹೋರಾಡಿದ. ಕೊನೆಗೆ ಮೋಸದಿಂದ ಸೆರೆಸಿಕ್ಕಿದ.

ಚೆನ್ನಮ್ಮನಿಗೆ ಆಗ ಯಾರಾದರೂ ಬಂದು ತಾಯಿ, ನಿಮ್ಮ ನೋಟ ಬದಲಿಸಿಕೊಳ್ಳಿ, ಕಂಪನಿಯವರೂ ಒಳ್ಳೆಯವರಾಗಿ ಕಂಡಾರು ಎಂದಿದ್ದರೆ ನಾವು ಅದನ್ನು ಉಪದೇಶ ಎನ್ನುತ್ತಿದ್ದೆವೇ? ಒಂದೇ ಜಿಲ್ಲೆಯ ನೆಲದಲ್ಲಿ ಎರಡು ಪಾಠಗಳಿವೆ. ಕೋಟೆಯ ಮನೆಯಲ್ಲಿ ಕಲಿತದ್ದು ತನ್ನೊಳಗಿನ ಸಿಡುಕನ್ನು ಗೆಲ್ಲುವುದು. ನಂದಗಡದಲ್ಲಿ ಕಲಿಯುವುದು ಹೊರಗಿನ ಅನ್ಯಾಯಕ್ಕೆ ಒಪ್ಪದಿರುವುದು. ಎರಡೂ ಬೇಕು. ಯಾವುದು ಎಲ್ಲಿ ಸಲ್ಲುತ್ತದೆ ಎಂದು ತಿಳಿಯದೆ ಬಾಯಿ ತೆರೆದರೆ ಉಪದೇಶವೇ ಒಂದು ಹಿಂಸೆಯಾಗುತ್ತದೆ.

ಅತ್ತೆ ಸಾರಿಗೆ ಉಪ್ಪು ಹೆಚ್ಚಾಯಿತು ಎಂದದ್ದಕ್ಕೆ ಮೂರು ದಿನ ಮುಖ ಊದಿಸಿಕೊಂಡರೆ ಹರಿಪದ ಮಿತ್ರರನ್ನು ನೆನೆಯೋಣ. ನಾದಿನಿಯ ಪ್ರತಿಯೊಂದು ಮಾತಿನಲ್ಲೂ ಕೊಂಕು ಕಂಡರೆ ನಮ್ಮ ಕಣ್ಣನ್ನೇ ಒಮ್ಮೆ ಒರೆಸಿಕೊಳ್ಳೋಣ. ಇಂಥ ಎಷ್ಟೋ ಜಗಳಗಳು ನಾವು ಬದಲಾದರೆ ಕರಗುವಂಥವೇ. ಆದರೆ ಕೈ ಎತ್ತಿ ಹೊಡೆಯುವುದು, ವರದಕ್ಷಿಣೆಗೆ ಪೀಡಿಸುವುದು, ದುಡಿದ ಹಣ ಕಿತ್ತುಕೊಳ್ಳುವುದು, ಹಸಿವಿನಲ್ಲಿಡುವುದು ನೋಟದ ದೋಷಗಳಲ್ಲ. ಅವು ಜುಲ್ಮ್. ಜುಲ್ಮನ್ನು ಬಾಯಿಮುಚ್ಚಿ ನುಂಗುವುದಕ್ಕೆ ಸಬ್ರ್ ಎಂಬ ಹೆಸರು ಕೊಡುವುದು ಆ ಪದಕ್ಕೇ ಮಾಡುವ ಅವಮಾನ.

ತೆರೆದ ಬಾಗಿಲುಗಳು

ಆ ಬಾಗಿಲುಗಳು ಎಲ್ಲಿವೆ ಎಂದು ಪ್ರತಿಯೊಬ್ಬ ಸಹೋದರಿಗೂ ತಿಳಿದಿರಬೇಕು. ಸಾಬಿತ್ ಬಿನ್ ಕೈಸ್‌ರ(ರ) ಪತ್ನಿ ಪ್ರವಾದಿವರ್ಯರ(ಸ) ಬಳಿಗೆ ಬಂದು, ತನ್ನ ಗಂಡನ ಧರ್ಮನಿಷ್ಠೆಯಲ್ಲಾಗಲಿ ನಡತೆಯಲ್ಲಾಗಲಿ ದೋಷವಿಲ್ಲ, ಆದರೂ ಅವರೊಂದಿಗೆ ಬಾಳಲು ತನ್ನಿಂದಾಗದು ಎಂದು ನಿವೇದಿಸಿಕೊಂಡರು. ಹೊಂದಿಕೊಂಡು ಹೋಗು ಎಂದು ಆಕೆಯನ್ನು ಹಿಂದಕ್ಕೆ ಕಳುಹಿಸಲಿಲ್ಲ. ಮಹ್ರ್ ಆಗಿ ಪಡೆದ ತೋಟವನ್ನು ಮರಳಿಸುವೆಯಾ ಎಂದು ಕೇಳಿ, ಆಕೆ ಒಪ್ಪಿದಾಗ ಬಿಡುಗಡೆ ಕೊಡಿಸಲಾಯಿತು. ಖುಲಾ ಎಂಬ ಬಾಗಿಲು ಅಂದಿನಿಂದಲೂ ಇದೆ.

ದೇಶದ ಕಾನೂನಿನಲ್ಲೂ ಬಾಗಿಲುಗಳಿವೆ. 1939ರ ಮುಸ್ಲಿಮ್ ವಿವಾಹ ವಿಸರ್ಜನೆ ಕಾಯ್ದೆಯ ಪ್ರಕಾರ ಗಂಡನ ಕ್ರೌರ್ಯ, ಎರಡು ವರ್ಷ ಜೀವನಾಂಶ ಕೊಡದಿರುವುದು, ನಾಲ್ಕು ವರ್ಷ ಎಲ್ಲಿದ್ದಾನೆಂದೇ ತಿಳಿಯದಿರುವುದು ಮುಂತಾದ ಕಾರಣಗಳಿಗೆ ಹೆಂಡತಿ ನ್ಯಾಯಾಲಯದಲ್ಲಿ ವಿಚ್ಛೇದನ ಕೇಳಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಮಹಿಳೆಯರಿಗೂ ಅನ್ವಯಿಸುತ್ತದೆ. ಗಂಡನೊಂದಿಗೆ ಬಾಳುತ್ತಿದ್ದ ಮನೆಯಲ್ಲೇ ವಾಸಿಸುವ ಹಕ್ಕನ್ನೂ ಅದು ಕೊಡುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181, ತುರ್ತು ಕರೆಗೆ 112. ಈ ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಿಮಗೆ ಬೇಕಾಗದಿರಬಹುದು, ಪಕ್ಕದ ಮನೆಯವಳಿಗೆ ಬೇಕಾದೀತು.

ಬಾಗಿಲು ಇದೆ ಎಂದು ಗೊತ್ತಾದರೆ ಹೆಣ್ಣುಮಕ್ಕಳೆಲ್ಲ ಮನೆ ಬಿಟ್ಟು ಹೊರಟುಬಿಡುತ್ತಾರೆ ಎಂದು ಹೆದರುವವರಿದ್ದಾರೆ. ಹರಿಪದ ಮಿತ್ರರನ್ನು ನೋಡಿ. ರಾಜೀನಾಮೆ ಕೊಡಬಹುದು ಎಂದು ಕೇಳಿದ ಬಳಿಕ ಅವರು ರಾಜೀನಾಮೆ ಕೊಡಲಿಲ್ಲ. ಅದೇ ಕೆಲಸದಲ್ಲಿ ನೆಮ್ಮದಿಯಿಂದ ಉಳಿದರು. ಬಲವಂತದಿಂದ ಇರುವವರಿಗೂ ತಾನೇ ಆರಿಸಿಕೊಂಡು ಇರುವವರಿಗೂ ಅಜಗಜಾಂತರ.

ಇಂದುಮತಿಯವರ ವಿಷಯವನ್ನೂ ಹೇಳಬೇಕು. ಬೆಳಗಾವಿಯ ಕತೆ ಹೇಳುವವರು ಅವರನ್ನು ಹೆಚ್ಚಾಗಿ ಮರೆಯುತ್ತಾರೆ. ಆ ಮನೆಯಲ್ಲಿ ಗಂಡನಿಗೆ ಮಾತ್ರ ಉಪದೇಶ ಸಿಕ್ಕಿದ್ದಲ್ಲ. ಗುರುವಿನ ಮಾರ್ಗದರ್ಶನ ಬೇಕೆಂಬ ಹಂಬಲ ಮೊದಲಿನಿಂದಲೂ ಇದ್ದದ್ದು ಆಕೆಗೆ. ವಿವೇಕಾನಂದರು ಇಬ್ಬರಿಗೂ ದೀಕ್ಷೆ ನೀಡಿದರು. 1893ರ ಮೇ ತಿಂಗಳಿನಲ್ಲಿ, ಅಮೆರಿಕಕ್ಕೆ ಹೊರಡುವ ಮುಂಚೆ, ಮುಂಬಯಿಯಿಂದ ಆಕೆಗೇ ನೇರವಾಗಿ ಪತ್ರ ಬರೆದು ತಾಯಿ ಎಂದು ಸಂಬೋಧಿಸಿದರು. ಗಂಡನ ಮೂಲಕ ಹೇಳಿ ಕಳುಹಿಸಲಿಲ್ಲ. ಹೆಣ್ಣಿಗೆ ಹೇಳುವ ಮಾತನ್ನು ಅವಳಿಗೇ, ಗೌರವದಿಂದ ಹೇಳುವುದು. ಇದೂ ಕಲಿಯಬೇಕಾದ ರೀತಿಯೇ.

ಮುಂದಿನ ಸಲ ನಿಮ್ಮ ಮಗಳೋ ಸೊಸೆಯೋ ತಂಗಿಯೋ ನಿಮ್ಮ ಮುಂದೆ ಕುಳಿತು ತನ್ನ ಕಷ್ಟ ಹೇಳಿಕೊಂಡಾಗ ಉತ್ತರಿಸುವ ಮುಂಚೆ ಮನಸ್ಸಿನಲ್ಲೇ ಕೇಳಿಕೊಳ್ಳಿ. ಇವಳ ಮಾತನ್ನು ಪೂರ್ತಿ ಕೇಳಿದ್ದೇನೆಯೇ? ನಾನು ಹೇಳಲಿರುವುದು ಇವಳ ಕೈಯಲ್ಲಿ ಸಾಧ್ಯವೇ? ಇವಳಿಗೆ ಆಗುತ್ತಿರುವುದು ಕಿರಿಕಿರಿಯೋ ಅನ್ಯಾಯವೋ? ಕಿರಿಕಿರಿಯಾದರೆ ಕೋಟೆಯ ಮನೆಯ ಮಾತು ಹೇಳಿ, ಅದೂ ಎರಡೂ ಭಾಗಗಳನ್ನು ಸೇರಿಸಿ. ಅನ್ಯಾಯವಾದರೆ ಉಪದೇಶವನ್ನು ಆಚೆ ಇಟ್ಟು, ಎದ್ದು ಅವಳ ಜೊತೆ ನಡೆಯಿರಿ.